ಒಂದು ಗುಂಡಿಯ ಸಾಲ

ಸುಗ್ಗಿ ಮುಗಿದು ಚಳಿ ಕಾಲಿಟ್ಟಿತ್ತು. ಜಗಲಿಯ ಬಿಸಿಲಿಗೆ ಹೊಲಿಗೆ ಯಂತ್ರ ಎಳೆದುಕೊಂಡು ಅಜ್ಜಿ ಕೋಟುಗಳಿಗೆ ತೋಳು ಕೂಡಿಸುತ್ತಿದ್ದಳು. ಶಾಲೆಯ ಮಕ್ಕಳಿಗೆ ಎಂದು ಹೇಳಿ ಪೇಟೆಯ ವ್ಯಾಪಾರಿ ಕತ್ತರಿಸಿದ ಬಟ್ಟೆಯನ್ನು ಮೂಟೆಗಟ್ಟಲೆ ಕಳಿಸಿದ್ದ.

"ಮಕ್ಕಳ ಎದೆ ಇಷ್ಟಗಲ ಇರುತ್ತೇನೇ?" ಎಂದಳು ಸೊಸೆಗೆ.

"ಈಗಿನ ಮಕ್ಕಳು ಅತ್ತೆ, ತಿಂದು ತಿಂದು ಗುಂಡಗಾಗಿದಾರೆ. ನೀವು ಹೊಲೀರಿ."

ಕೊನೆಯ ಗಂಟಿನಲ್ಲಿ ಅಂಗೈಯಗಲದ ತುಂಡುಗಳಿದ್ದವು. ಅಜ್ಜಿಯ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಎದೆಯ ಒಳಗಡೆ ಹೊಲಿಯುವ ಜೇಬು ಅದು. ಸತ್ತ ಸೈನಿಕನ ಗುರುತಿಗೆ ಹೆಸರಿನ ಚೀಟಿ ಇಡುವ ಜಾಗ. ಚಿಕ್ಕವಳಿದ್ದಾಗ ನಡೆದ ಯುದ್ಧದಲ್ಲಿ ಅಮ್ಮನ ಪಕ್ಕ ಕೂತು ಅದನ್ನು ಹೊಲಿಯಲು ಕಲಿತಿದ್ದಳು. ಆಗ ಅಪ್ಪ ಹೋದ. ಮದುವೆಯ ನಂತರ ಬಂದ ಯುದ್ಧಕ್ಕೆ ಗಂಡ ಹೋದ. ಹೊರಡುವ ಗಡಿಬಿಡಿಯಲ್ಲಿ ಅವನ ಕೋಟಿನ ಗುಂಡಿ ಕಿತ್ತುಬಂದಿತ್ತು. "ಬಂದ್ಮೇಲೆ ಹಾಕಿಕೊಡು, ಸಾಲ ಇರ್ಲಿ," ಎಂದು ನಗುತ್ತಾ ಹೋಗಿದ್ದ. ಆ ಗುಂಡಿ ಇನ್ನೂ ಅವಳ ಸೂಜಿ ಡಬ್ಬಿಯಲ್ಲಿತ್ತು.

ಹೊಲದಿಂದ ಬಂದ ಮೊಮ್ಮಗ, ಮುಗಿದ ಕೋಟೊಂದನ್ನು ತೊಟ್ಟು ಎದುರು ನಿಂತ. "ನೋಡಜ್ಜಿ, ನಂದೇ ಅಳತೆ ತಗೊಂಡು ಹೊಲಿದಂಗಿದೆ!"

ಸೊಸೆಯ ಮುಖದ ನಗು ಆರಿತು. "ಬಿಚ್ಚೋ ಅದನ್ನ."

"ಒಂದು ಗುಂಡಿ ಕಮ್ಮಿ ಇದೆ ಕಣಜ್ಜಿ. ಆಮೇಲೆ ಹಾಕು ಬಿಡು, ಸಾಲ ಇರ್ಲಿ."

"ಸಾಲ ಗೀಲ ಏನೂ ಬೇಡ. ನಿಂತ್ಕೋ ಇಲ್ಲಿ!" ಎಂದು ಅಜ್ಜಿ ಗದರಿದಳು.

ಅಜ್ಜಿ ಡಬ್ಬಿ ತೆರೆದು ಗಂಡನ ಗುಂಡಿಯನ್ನೇ ತೆಗೆದಳು. ಮೊಮ್ಮಗನ ಎದೆಗೆ ಕೈಯೊತ್ತಿ ಹಿಡಿದು ಹೊಲಿದಳು. ಗಂಟು ಬಿದ್ದ ಮೇಲೂ ದಾರ ಹರಿಯಲು ಮನಸ್ಸಾಗದೆ, ಅದು ಮುಗಿಯುವ ತನಕ ಸುತ್ತುತ್ತಲೇ ಇದ್ದಳು.