ಬುಧವಾರದ ಭಿನ್ನರಾಶಿ

ಶಾಲೆಯ ಮಕ್ಕಳು ಅವಳಿಗಿಟ್ಟ ಹೆಸರು ಪಟ್ಟಿ ಟೀಚರ್. ಭಿನ್ನರಾಶಿಯ ಪಾಠ ಬಂತೆಂದರೆ ಹಳೆಯ ಕ್ಯಾಲೆಂಡರುಗಳನ್ನೆಲ್ಲ ಕತ್ತರಿಸಿ, ಗೇಣುದ್ದದ ಕಾಗದದ ಪಟ್ಟಿಗಳನ್ನು ಮಾಡಿ, ತಲೆಗೊಂದರಂತೆ ಹಂಚುತ್ತಿದ್ದಳು. ನಾಲ್ಕನೇ ತರಗತಿಯ ಮಕ್ಕಳಿಗೆ ಬರೀ ಅಂಕಿ ಕೊಟ್ಟರೆ ನೀರು ಕುಡಿದಷ್ಟು ಸಲೀಸು. ಅದೇ ಲೆಕ್ಕವನ್ನು ನಾಲ್ಕು ಮಾತಿನಲ್ಲಿ ಹೇಳಿದಿರೋ, ಕಣ್ಣು ಕಣ್ಣು ಬಿಡುತ್ತಾರೆ.

ಡಬ್ಬದಲ್ಲಿ ಇಪ್ಪತ್ತನಾಲ್ಕು ಬಿಸ್ಕತ್ತು. ಅಕ್ಕ ಮೂರರಲ್ಲೊಂದು ಭಾಗ ತಿಂದಳು. ಉಳಿದದ್ದರಲ್ಲಿ ಕಾಲು ಭಾಗ ತಮ್ಮ ತಿಂದ. ಈಗ ಉಳಿದದ್ದೆಷ್ಟು? ಹತ್ತು ಎಂದು ತರಗತಿಗೆ ತರಗತಿಯೇ ಕೂಗುತ್ತದೆ. ತಮ್ಮನ ಪಾಲನ್ನು ಉಳಿದ ಹದಿನಾರರಲ್ಲಿ ತೆಗೆಯದೆ ಇಡೀ ಡಬ್ಬದಲ್ಲೇ ತೆಗೆದುಬಿಡುತ್ತಾರೆ. ಪುಸ್ತಕದಲ್ಲಿ ಹೇಳಿದಂತೆ ಪಟ್ಟಿಯಲ್ಲಿ ತಿಂದ ಭಾಗಕ್ಕೆ ಬಣ್ಣ ಬಳಿದರೂ ಅಷ್ಟೇ: ಅಕ್ಕ ತಿಂದದ್ದು ಕಣ್ಣೆದುರಿಗೇ ಬಿದ್ದಿರುತ್ತದಲ್ಲ, ಅದನ್ನೂ ಸೇರಿಸಿಯೇ ಮಡಚುತ್ತಾರೆ. ನಮ್ಮ ಟೀಚರ್ ಬಣ್ಣದ ಗೊಡವೆಗೇ ಹೋಗುತ್ತಿರಲಿಲ್ಲ. "ಅಕ್ಕ ತಿಂದಿದ್ದನ್ನ ಹರಿದು ಆಚೆ ಇಡಿ. ಅದು ಹೊಟ್ಟೆಗೆ ಹೋಯ್ತು. ಈಗ ಕೈಯಲ್ಲಿರೋದನ್ನ ಮಡಚಿ," ಎನ್ನುತ್ತಿದ್ದಳು. ಅಷ್ಟೇ. ಮೂವತ್ತೆರಡು ಮಕ್ಕಳಿಗೂ ಒಂದೇ ಪೀರಿಯಡ್ಡಿನಲ್ಲಿ ಹನ್ನೆರಡು ಎಂಬ ಸರಿಯುತ್ತರ ಬಂದಿತ್ತು.

ಇಂಥ ಟೀಚರು ಸ್ವಂತ ಮಗಳಿಗೆ ಮಾತ್ರ ಮೂರು ವಾರದಿಂದ ಬಣ್ಣ ಬಳಿಸುತ್ತಿದ್ದಳು.

ಮಗಳಿಗೆ ಒಂಬತ್ತು ವರ್ಷ. ಗಂಡ ಹೆಂಡತಿ ಬೇರೆಯಾದಾಗ ಹುಡುಗಿ ಅಪ್ಪನ ಜೊತೆ ಹಳೆಯ ಊರಿನಲ್ಲೇ ಉಳಿದಳು. ಶಾಲೆ ಬಿಡಿಸಬಾರದೆಂದು ಎಲ್ಲರೂ ಹೇಳಿದರು, ಟೀಚರೂ ತಲೆಯಾಡಿಸಿದಳು. ರಜೆಗೆ ಬರುತ್ತಾಳೆ. ಮಿಕ್ಕ ದಿನಗಳಲ್ಲಿ ಫೋನು. ಮೊದಮೊದಲು ಅದು "ಊಟ ಆಯ್ತಾ?", "ಆಯ್ತು" ಎನ್ನುವಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಅದೂ ನಿಂತಿತು. ಮಗಳ ಶಾಲೆಯಲ್ಲೂ ಈ ಭಿನ್ನರಾಶಿ ಶುರುವಾಯಿತು ನೋಡಿ, ಹುಡುಗಿ ಬುಧವಾರ ಸಂಜೆ ಆರಕ್ಕೆ ತಾನಾಗಿಯೇ ಫೋನ್ ಮಾಡತೊಡಗಿದಳು. ಆರರಿಂದ ಆರೂವರೆ. ಆಮೇಲೆ ಫೋನು ಅಪ್ಪನಿಗೆ ಬೇಕು.

ಬುಧವಾರ ಟೀಚರ್ ಸ್ಟಾಫ್ ರೂಮಿನಿಂದ ಬಸ್ಸಿಗೆ ಓಡುತ್ತಿದ್ದಳು. ಮನೆಗೆ ಬಂದವಳೇ, ಸಿಗ್ನಲ್ ಸಿಗುವ ಕಿಟಕಿಯ ಮೂಲೆಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು.

"ಅಮ್ಮಾ, ಮತ್ತೆ ಹತ್ತೇ ಬಂತು."

"ಇನ್ನೊಂದ್ಸಲ ನೋಡು ಚಿನ್ನಾ. ನಿಧಾನಕ್ಕೆ ಬಣ್ಣ ಹಾಕು."

ಹರಿದಿಡು ಎನ್ನುವ ಒಂದು ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಆಡಿದರೆ ಐದು ನಿಮಿಷದಲ್ಲಿ ಲೆಕ್ಕ ಬಗೆಹರಿಯುತ್ತದೆ. ಲೆಕ್ಕ ಬಗೆಹರಿದರೆ ಬುಧವಾರವೂ ಮುಗಿದ ಹಾಗೆ. ಪೆನ್ಸಿಲ್ಲಿನ ಕರಕರ, ಮೂಗು ಸೊರಸೊರ ಎಳೆದುಕೊಳ್ಳುವುದು, ನಡುವೆ ಒಂದು ಆಕಳಿಕೆ, ಇಷ್ಟನ್ನು ಕೇಳುವುದಕ್ಕೆ ಅವಳ ಜೀವ ಹಾತೊರೆಯುತ್ತಿತ್ತು. ತಾನು ಮಾಡುತ್ತಿರುವುದು ಸರಿಯಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು.

ನಾಲ್ಕನೇ ಬುಧವಾರ ಮಗಳ ದನಿ ಇಳಿದುಹೋಗಿತ್ತು.

"ಟೆಸ್ಟಲ್ಲಿ ಹತ್ತಕ್ಕೆ ಮೂರು. ನಾನು ದಡ್ಡಿ ಅಮ್ಮಾ. ನೀನು ಹೇಳಿಕೊಟ್ರೂ ನನ್ನ ತಲೆಗೆ ಹತ್ತಲ್ಲ."

ತನ್ನ ತರಗತಿಯಲ್ಲಿ ಯಾವ ಮಗುವಿನ ಬಾಯಿಂದಲೂ ಈ ಮಾತು ಬರಗೊಡದವಳು ಟೀಚರ್.

"ಒಂದು ಪಟ್ಟಿ ತಗೋ. ಅಕ್ಕನ ಪಾಲು ಹರಿದು ಆಚೆ ಇಡು."

"ಹರಿಯೋದಾ?"

"ಹೂಂ, ಹರಿ. ಈಗ ಕೈಯಲ್ಲಿ ಉಳಿದಿದೆಯಲ್ಲ, ಅದನ್ನ ಮಾತ್ರ ಮಡಚು."

ಪರ್ರನೆ ಕಾಗದ ಹರಿದ ಸದ್ದು. ಮಡಚುವ ಸರಪರ. ಆಮೇಲೆ "ಹನ್ನೆರಡು! ಅಮ್ಮಾ, ಹನ್ನೆರಡು!" ಎಂಬ ಕಿರುಚಾಟ. ಉಳಿದ ಐದು ಲೆಕ್ಕಗಳನ್ನು ಹುಡುಗಿ ಒಂದೇ ಉಸಿರಿಗೆ ಮಾಡಿ ಬಿಸಾಕಿದಳು. ಆರು ಗಂಟೆ ಹದಿನಾಲ್ಕು ನಿಮಿಷಕ್ಕೆ "ಎಲ್ಲಾ ಮುಗೀತು, ಇಡ್ತೀನಿ" ಎಂದು ಇಟ್ಟೂಬಿಟ್ಟಳು. ಟೀಚರ್ ಆರೂವರೆಯವರೆಗೂ ಆ ಕುರ್ಚಿ ಬಿಟ್ಟು ಏಳಲಿಲ್ಲ.

ಮುಂದಿನ ಬುಧವಾರ ಫೋನ್ ಬರಲಿಲ್ಲ. ಆರೂಕಾಲಿನವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಕೊನೆಗೆ ಟೀಚರ್ ತಾನೇ ಮಾಡಿದಳು.

"ಲೆಕ್ಕ ಎಲ್ಲಾ ಸರಿ ಬರ್ತಿದೆ ಅಮ್ಮಾ," ಎಂದಳು ಮಗಳು ಎತ್ತಿದ ತಕ್ಷಣ.

"ಗೊತ್ತು ಚಿನ್ನಾ. ಹರಿಯೋ ವಿಷಯ ಮೊದಲ್ನೇ ದಿನಾನೇ ಹೇಳ್ಬಹುದಿತ್ತು. ಬೇಕಂತಲೇ ಹೇಳ್ಲಿಲ್ಲ. ಹೇಳಿದ್ರೆ ನೀನು ಫೋನ್ ಮಾಡೋದು ನಿಲ್ಲಿಸ್ತೀಯ ಅಂತ ಭಯ ಆಯ್ತು. ನೀನು ದಡ್ಡಿ ಅಲ್ಲ. ತಪ್ಪು ನಂದು."

ಆಚೆ ಎಲ್ಲೋ ಒಂದು ಬಾಗಿಲು ಹಾಕಿಕೊಂಡಿತು.

"ಆ ಮೂರು ವಾರಾನೂ ನನ್ನ ಬೆಂಚ್ ಮೇಲೆ ನಿಲ್ಲಿಸಿದ್ರು," ಎಂದಳು ಮಗಳು.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ ಪುಟ್ಟಾ?"

"ಹೇಳ್ಬೇಕು ಅಂತಾನೇ ಇದ್ದೆ. ಲೆಕ್ಕ ಮುಗೀತಾನೇ ಇರ್ಲಿಲ್ಲ. ಅಷ್ಟರಲ್ಲಿ ಆರೂವರೆ ಆಗ್ತಿತ್ತು."

ಟೀಚರ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳು ಆಚೆಗೆ ಕೇಳಿಸಬಾರದಿತ್ತು.

"ಈಗ ಹೇಳು. ಲೆಕ್ಕ ಏನೂ ಇಲ್ಲ."

"ಎಲ್ಲಾನೂ ಹೇಳ್ಲಾ?"

"ಎಲ್ಲಾನೂ."

ಮಗಳು ಬೆಂಚಿನಲ್ಲಿ ತನ್ನ ಪಕ್ಕ ಕೂರುವ ಹುಡುಗಿಯಿಂದ ಶುರು ಮಾಡಿದಳು. ಎರಡು ವರ್ಷದಿಂದ ಜೀವದ ಗೆಳತಿಯಂತೆ. ಆ ಹುಡುಗಿಯ ಹೆಸರನ್ನು ಟೀಚರ್ ಅವತ್ತೇ ಮೊದಲ ಸಲ ಕೇಳಿದ್ದು.