ಟೀಚರಮ್ಮನ ಕೈನೋವು

ಶಿವರಾತ್ರಿ ಹತ್ತಿರ ಬಂದಾಗ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯ ಭಕ್ತರಿಗೆ ಊಟ ಹಾಕುವುದು ನಮ್ಮೂರ ಪದ್ಧತಿ. ಮದ್ದೂರು–ಮಳವಳ್ಳಿ ರಸ್ತೆ ಪಕ್ಕದಲ್ಲಿ ಶಾಮಿಯಾನ ಎದ್ದರೆ ಸಾಕು, ಸೇವೆಗೆ ಊರೆಲ್ಲ ನಾ ಮುಂದು ತಾ ಮುಂದು. ಆದರೆ ಎಲ್ಲರಿಗೂ ಬೇಕಾದ್ದು ಒಂದೇ ಸೇವೆ, ಬಡಿಸುವುದು. ಬಕೆಟ್ಟು ಹಿಡಿದು, ಫೋಟೊಗೆ ಚೆನ್ನಾಗಿ ಸಿಗುವ ಹಾಗೆ ಬಡಿಸುವುದು. ಉಂಡ ಎಲೆ ಎತ್ತಲು ಕರೆದರೆ ಮಾತ್ರ ಎಲ್ಲರ ಮನೆಯಲ್ಲೂ ಹಸು ಕರೆಯುವ ಹೊತ್ತಾಗಿಬಿಡುತ್ತದೆ.

ಈ ಸಲ ಸೇವೆಯವರನ್ನು ನೋಡಿಕೊಳ್ಳುವ ಜವಾಬ್ದಾರಿ ನಯನಳ ತಲೆಗೆ ಬಿತ್ತು. ನಮ್ಮೂರ ಹೊಂಬಾಳಮ್ಮನ ಸೊಸೆ. ಮಂಡ್ಯದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳ್ಳಿಹಳ್ಳಿಯಲ್ಲಿ ಸೇವಾ ಶಿಬಿರ ನಡೆಸುತ್ತಾಳೆ. ಅವಳು ಬಂದವಳೇ ಚೀಟಿ ಎತ್ತಿಸಿದಳು. "ಸೇವೆಯಲ್ಲಿ ಮೇಲು ಕೀಳು ಅಂತ ಇಲ್ಲ. ಯಾರಿಗೆ ಯಾವ ಚೀಟಿ ಬರುತ್ತೋ ಅವರಿಗೆ ಅದೇ ಕೆಲಸ" ಎಂದು ಸಣ್ಣ ಭಾಷಣವನ್ನೂ ಬಿಗಿದಳು. ಜನ ಚಪ್ಪಾಳೆ ತಟ್ಟಿದರು. ನಯನಳಿಗೆ ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು.

ಎಲೆ ಎತ್ತುವ ಚೀಟಿ ಅವಳ ಅತ್ತೆ ಹೊಂಬಾಳಮ್ಮನಿಗೇ ಬಂತು. ಅನ್ನ ಬಡಿಸುವ ಚೀಟಿ ಕಾಲೊನಿಯ ಭಾಗ್ಯಲಕ್ಷ್ಮಿಗೆ ಬಂತು.

ಭಾಗ್ಯಲಕ್ಷ್ಮಿ ಊರ ಅಂಗನವಾಡಿಯ ಟೀಚರು. ಅವಳ ಗಂಡ ಮಹದೇವಸ್ವಾಮಿ ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾಗ ಅವಳು ಹರಕೆ ಹೊತ್ತಿದ್ದಳು. ಗಂಡ ಎದ್ದು ಮಾದಪ್ಪನ ಬೆಟ್ಟಕ್ಕೆ ನಡೆದರೆ, ಪರಸೆಗೆ ತನ್ನ ಕೈಯಾರೆ ಅನ್ನ ಬಡಿಸುತ್ತೇನೆ ಎಂದು. ಗಂಡ ಎದ್ದ. ಈಗ ಕೊಪ್ಪಕ್ಕೆ ಹೋಗಿ ಅಲ್ಲಿನ ನೆಂಟರ ಜೊತೆ ಮದ್ದೂರು ದಾಟಿ ನಡೆದು ಬರುತ್ತಿದ್ದ. ಚೀಟಿ ಕೈಗೆ ಬಂದಾಗ ಅವಳು ಕಣ್ಣಿಗೊತ್ತಿಕೊಂಡು, "ಮಾದಪ್ಪನೇ ಕೊಡುಸ್ದ ಕಣ್ ನಯನವ್ವ" ಎಂದು ಇದನ್ನೆಲ್ಲ ಹೇಳಿದ್ದಳು.

ಅಡುಗೆ ಇಳಿಯುವ ಹೊತ್ತಿಗೆ ಅನ್ನದಾನ ಸಮಿತಿಯ ಅಧ್ಯಕ್ಷ ಚಲುವರಾಜು ನಯನಳನ್ನು ಪಕ್ಕಕ್ಕೆ ಕರೆದ.

"ನಂಗೇನಿಲ್ಲ ಕಣವ್ವ. ಆದ್ರೆ ನಮ್ ಬೀದಿಯೋರೂ ಪಂಕ್ತೀಲಿ ಕೂರ್ತಾರೆ. ಆ ಅಮ್ಮ ಅನ್ನದ ಬಕೆಟ್ ಇಡ್ಕಂಡು ಬಂದ್ರೆ ಒಬ್ರಲ್ಲ ಒಬ್ರು ಎದ್ದೋಯ್ತಾರೆ. ಮಾದಪ್ಪನ ಹೆಸ್ರಲ್ಲಿ ಗಲಾಟೆ ಯಾಕೆ? ನಿಮ್ಮತ್ತೆ ಚೀಟಿನೂ ಅವಳ್ದೂ ಅದಲು ಬದಲು ಮಾಡ್ಬುಡು. ಯಾರ್ಗೂ ನೋವಾಗ್ದಂಗೆ."

ಜಾತಿ ಎಂಬ ಮಾತನ್ನು ಅವನು ಬಾಯಿಗೇ ತರಲಿಲ್ಲ. ಇಂಥ ವಿಷಯದಲ್ಲಿ ನಮ್ಮೂರವರು ಬಲು ನಾಜೂಕು.

ನಯನ ಜಗಳವಾಡಬಹುದಿತ್ತು. ಆಡಲಿಲ್ಲ. ಸೀದಾ ಭಾಗ್ಯಲಕ್ಷ್ಮಿಯ ಹತ್ತಿರ ಹೋಗಿ, "ಭಾಗ್ಯಕ್ಕ, ಬಕೆಟ್ ತುಂಬಾ ಭಾರ. ನಿಮಗೆ ಕೈನೋವು ಬಂದುಬಿಡುತ್ತೆ. ಎಲೆ ಕಡೆ ನೋಡಿಕೊಳ್ಳಿ, ಅದೇ ದೊಡ್ಡ ಸೇವೆ" ಎಂದಳು. ದಿನವೂ ಊರ ಮಕ್ಕಳಿಗೆಲ್ಲ ಬೇಯಿಸಿ ಬಡಿಸುವ ಕೈಗೆ ಭಾರದ ಮಾತು!

ಭಾಗ್ಯಲಕ್ಷ್ಮಿ ಅವಳ ಮುಖವನ್ನೊಮ್ಮೆ ನೋಡಿದಳು. ಅವಳಿಗೆ ಅರ್ಥವಾಗದ್ದು ಏನೂ ಇರಲಿಲ್ಲ. "ಆಯ್ತು ಬುಡಿ" ಎಂದು ಸೆರಗು ಸಿಕ್ಕಿಸಿಕೊಂಡು ಹೋದಳು.

ಮೊದಲ ಪಂಕ್ತಿ ಮುಗಿಯಿತು. ಯಾರೂ ಎದ್ದು ಹೋಗಲಿಲ್ಲ, ಎಲ್ಲರೂ ಎರಡೆರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಆ ಎಲೆಗಳನ್ನು ಭಾಗ್ಯಲಕ್ಷ್ಮಿ ಎತ್ತಿ ಮಂಕರಿಗೆ ತುಂಬುತ್ತಿದ್ದಾಗ "ಉಘೇ ಮಾದಪ್ಪ" ಎನ್ನುತ್ತಾ ಕೊಪ್ಪದವರು ಬಂದರು. ಜೊತೆಗೆ ಕೋಲೂರಿಕೊಂಡು ಮಹದೇವಸ್ವಾಮಿ. ಕಾಲು ತೊಳೆದು ಎರಡನೇ ಪಂಕ್ತಿಗೆ ಕೂತವನು ಹೆಂಡತಿಯನ್ನು ಕಂಡು ಮಗುವಿನ ಹಾಗೆ ನಕ್ಕ.

"ನಡ್ಕಂಡೇ ಬಂದೆ ಕಣಮ್ಮಿ! ಬಾ, ನೀನೇ ಬಡ್ಸು."

ಭಾಗ್ಯಲಕ್ಷ್ಮಿ ಮಂಕರಿಯನ್ನು ಹಿಂದಕ್ಕೆ ಸರಿಸಿದಳು. "ಕೈ ನೋಯ್ತಾದೆ ಕಣ್ರೀ. ಅದ್ಕೇ ಎಲೆ ಎತ್ತಾಕೆ ನಾನೇ ಕೇಳ್ಕಂಡೆ."

"ಬೆಳಗ್ಗೆ ಫೋನ್ ಮಾಡ್ದಾಗ ಚೆನ್ನಾಗಿದ್ಯಲ್ಲ?"

"ಈಗ ಬಂತು."

ಪಕ್ಕದಲ್ಲೇ ನಿಂತಿದ್ದ ನಯನಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ತಾನು ಆಡಿದ ಸುಳ್ಳನ್ನು ಈ ಹೆಂಗಸು ತನ್ನ ಮೇಲೆ ಹಾಕಿಕೊಂಡಿದ್ದಳು.

ಅಷ್ಟರಲ್ಲಿ ಹೊಂಬಾಳಮ್ಮ ಬಕೆಟ್ಟನ್ನು ದೊಪ್ಪನೆ ಇಳಿಸಿ ಮಣಿಕಟ್ಟು ನೀವಿಕೊಳ್ಳತೊಡಗಿದಳು. "ಅಯ್ಯೋ ಶಿವನೇ, ನನ್ ಕೈ ಬಿದ್ದೇ ಓಯ್ತು. ಇನ್ನಾಗಕ್ಕಿಲ್ಲ ಕಣ್ ನಯನ, ಯಾರ್ಗಾದ್ರೂ ಕೊಡು." ವಾತದ ಕೈಯವಳಿಗೆ ಬಕೆಟ್ಟು ಕೊಟ್ಟು, ಗಟ್ಟಿ ಕೈಯವಳಿಗೆ ನೋವು ಹಂಚಿದ್ದಳು ನಯನ. ಚೆನ್ನಾಗಿತ್ತು ಅವಳ ನಿರ್ವಹಣೆ!

ನಯನ ಬಕೆಟ್ಟು ಎತ್ತಿಕೊಂಡು, ಮಂಕರಿ ಹೊತ್ತು ಶಾಮಿಯಾನದ ಹಿಂದೆ ಹೋಗಿದ್ದ ಭಾಗ್ಯಲಕ್ಷ್ಮಿಯ ಬಳಿಗೆ ಓಡಿದಳು. "ತಪ್ಪಾಯ್ತು ಭಾಗ್ಯಕ್ಕ. ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಕೈ ತೊಳೆದುಕೊಂಡು ಬನ್ನಿ, ಅಣ್ಣನಿಗೆ ನೀವೇ ಬಡಿಸಿ."

ಭಾಗ್ಯಲಕ್ಷ್ಮಿ ಕೈ ತೊಳೆಯಲಿಲ್ಲ. "ಬ್ಯಾಡಿ ನಯನವ್ವ. ಈಗ ಬಡುಸುದ್ರೆ ಕೈ ನೋವಿರ್ಲಿಲ್ಲ ಅಂತ ಅವ್ರಿಗೆ ಗೊತ್ತಾಯ್ತದೆ. ಮತ್ಯಾಕೆ ಎಲೆ ಎತ್ತಿದ್ಯಮ್ಮಿ ಅಂತ ಕೇಳ್ತಾರೆ. ಬೆಟ್ಟ ಅತ್ತೋ ಮನುಷ್ಯ, ಅದ್ನ ಮನಸ್ಸಲ್ಲಿ ಒತ್ಕಂಡು ನಡೀಬೇಕು. ಯಾಕೆ ಅಂತ ನಾನಂತೂ ಯೋಳಕ್ಕಿಲ್ಲ. ನೀವು ಯೋಳ್ತೀರಾ?"

ಪಂಕ್ತಿಯಿಂದ "ಅನ್ನ, ಅನ್ನ" ಎಂದು ಕೂಗು ಬಂತು. ನಯನ ಬಕೆಟ್ಟು ಹಿಡಿದು ಸಾಲಾಗಿ ಬಡಿಸುತ್ತಾ ಮಹದೇವಸ್ವಾಮಿಯ ಎಲೆಯ ಮುಂದೆ ಬಂದಳು. ಅವನ ಪಕ್ಕದಲ್ಲೇ ಚಲುವರಾಜು ನೀರಿನ ಜಗ್ಗು ಹಿಡಿದು ನಿಂತಿದ್ದ.

ಮಹದೇವಸ್ವಾಮಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ತಲೆ ಎತ್ತಿದ. ಮುಖದಲ್ಲಿ ನಗು ಇರಲಿಲ್ಲ.

"ನಮ್ ಬಾಗ್ಯನ ಕೈಗೆ ನಿಜವಾಗ್ಲೂ ನೋವಾ, ನಯನವ್ವ?"

ಶಾಮಿಯಾನದ ಅಂಚಿನಲ್ಲಿ ಭಾಗ್ಯಲಕ್ಷ್ಮಿ ಬಂದು ನಿಂತಿದ್ದಳು. ಚಲುವರಾಜು ಜಗ್ಗಿನೊಳಗೆ ಇಣುಕಿ ನೋಡುತ್ತಿದ್ದ.

"ಹೂಂ ಅಣ್ಣ" ಎಂದಳು ನಯನ. "ತುಂಬಾ ನೋವಿದೆ."

ಅವನು ನಂಬಿದ. ಅಡ್ಡ ಹಿಡಿದ ಕೈಯನ್ನು ತೆಗೆದು, "ಅಂಗಾರೆ ಎಣ್ಣೆಗಿಣ್ಣೆ ಏನಾರ ಅಚ್ಚಿ ಕಣವ್ವ. ನಾಳೆ ಮಕ್ಳಿಗೆ ಬಡುಸ್ಬೇಕಲ್ಲ" ಎಂದ.