ನಾಲ್ಕನೇ ಕೋಣೆಯ ಬ್ಯಾಟರಿ

"ಮತ್ತೆ ಸತ್ತಿದೆ, ಭಾವ," ಎಂದು ಭಾವಮೈದುನ ಪೆಟ್ಟಿಗೆಯನ್ನು ಎಂಜಿನಿಯರನ ಮೇಜಿನ ಮೇಲೆ ಕುಕ್ಕಿದ.

ಶೀತಲಗೃಹದ ಪ್ರತಿ ಕೋಣೆಗೂ ಇಂಥದೊಂದು ಪೆಟ್ಟಿಗೆ. ಒಳಗಿನ ತಂಪು ಎಷ್ಟೆಂದು ರೇಡಿಯೊ ಮೂಲಕ ಆಫೀಸಿನ ಪರದೆಗೆ ತಿಳಿಸುವುದು ಅದರ ಕೆಲಸ. ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ ಎಂದು ಎಂಜಿನಿಯರು ಯಜಮಾನರಿಗೆ ಎದೆ ತಟ್ಟಿಕೊಂಡು ಹೇಳಿದ್ದ. ಬೇರೆ ಕೋಣೆಗಳಲ್ಲಿ ಬಾಳುತ್ತಲೂ ಇತ್ತು. ನಾಲ್ಕನೆಯದರಲ್ಲಿ ಮಾತ್ರ ತಿಂಗಳು ತುಂಬುತ್ತಿರಲಿಲ್ಲ. ಅದರ ಉಸ್ತುವಾರಿ ಭಾವಮೈದುನನದು. ಆ ಕೆಲಸ ಕೊಡಿಸಿದವನು ಎಂಜಿನಿಯರೇ.

"ನಿನ್ನ ಟಾರ್ಚು ಮಾತ್ರ ಚೆನ್ನಾಗಿ ಉರೀತಿದೆಯಲ್ಲೋ?"

"ಅದು ಚಾರ್ಜ್ ಮಾಡೋ ಟಾರ್ಚು ಭಾವ. ನಿಮ್ಮ ಹಾಗೇ, ಅಕ್ಕ ಚಾರ್ಜ್ ತಗೊಂಡ್ರೇನೇ ಉರಿಯೋದು."

ಆಮೇಲೆ ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ, ಯಜಮಾನರ ಮೂಗುದನಿಯಲ್ಲಿ, "ಏನ್ರೀ ಎಂಜಿನಿಯರೇ, ಕಳ್ಳ ಸಿಕ್ಕಿದ್ನೇನ್ರೀ?" ಎಂದ. ಪಕ್ಕದ ಮೇಜಿನ ಗುಮಾಸ್ತೆ ಕಿಸಕ್ಕೆಂದು ನಕ್ಕಳು. ಎಂಜಿನಿಯರು ನಗಲಿಲ್ಲ. ಬ್ಯಾಟರಿ ಕದಿಯುತ್ತಿರುವವನು ಭಾವಮೈದುನನೇ ಎಂದು ಯಜಮಾನರ ಕಿವಿಗೆ ಅವನು ಆಗಲೇ ಊದಿದ್ದ. "ಖಾತ್ರಿ ಮಾಡ್ಕೊಳ್ಳಿ, ಮನೆಗೆ ಕಳಿಸಿಬಿಡೋಣ," ಎಂದಿದ್ದರು ಅವರು.

ಬದಲಾಯಿಸಿದರೆ ಗೊತ್ತಾಗಲೆಂದು ಎಂಜಿನಿಯರು ಈ ಸಲ ಬ್ಯಾಟರಿಗಳ ತಳಕ್ಕೆ ಹೆಂಡತಿಯ ಉಗುರುಬಣ್ಣದಿಂದ ಚುಕ್ಕಿಯಿಟ್ಟಿದ್ದ. ಮುಚ್ಚಳ ಬಿಚ್ಚಿದ. ಕೆಂಪು ಚುಕ್ಕಿಗಳು ಇದ್ದಲ್ಲೇ ಇದ್ದವು. ಬಳಸಿ ವಾಪಸ್ ಇಟ್ಟಿರಬಹುದು, ಕಿಲಾಡಿ! ಹೊಸವನ್ನು ಹಾಕಿ, ಪೆಟ್ಟಿಗೆಯನ್ನು ತಾನೇ ಕೋಣೆಯಲ್ಲಿಟ್ಟು ಬಂದು, ಪೆಟ್ಟಿಗೆಗಳ ಮಾತುಕತೆಯನ್ನು ಪರದೆಯ ಮೇಲೆ ಕದ್ದು ನೋಡುತ್ತ ಕುಳಿತ.

ಒಂದು ಪೆಟ್ಟಿಗೆ ಮಾತಾಡುವಾಗ ಉಳಿದವು ಸುಮ್ಮನಿರಬೇಕು. ಮೂಲೆಯ ಕೋಣೆಗಳ ದನಿ ದಪ್ಪ ಗೋಡೆ ದಾಟಿ ಆಫೀಸು ಮುಟ್ಟದಿದ್ದರೆ, ಸ್ಪಷ್ಟವಾಗಿ ಕೇಳಿಸಿಕೊಂಡ ಪೆಟ್ಟಿಗೆ ಅದನ್ನೇ ಮತ್ತೆ ಹೇಳಬೇಕು. ಹೀಗೆಂದು ನಿಯಮ ಬರೆದವನು ಅವನೇ. ನಾಲ್ಕನೆಯದು ನಟ್ಟನಡುವೆ ಇತ್ತು. ಏಳನೆಯದರ ಮಾತು, ಒಂಬತ್ತನೆಯದರ ಮಾತು, ಮತ್ತೆ ಏಳನೆಯದರದು, ಎಲ್ಲ ಅದರ ಬಾಯಲ್ಲೇ. ಬ್ಯಾಟರಿ ಕರಗುತ್ತಿದ್ದುದು ಆ ಮಾತುಗಳಿಗೇ. ಮಾತಾಡಲು ಸರದಿ ಬರೆದಿದ್ದ. ನೆರವಾಗಲು ಸರದಿ ಬರೆದಿರಲಿಲ್ಲ.

ಹೊರಗೆ ಕೋಣೆಗಳ ನಡುವಿನ ಓಣಿಯ ಆ ತುದಿಯಲ್ಲಿ ಯಜಮಾನರು ನಿಂತಿದ್ದರು. ನಡುವೆ ಭಾವಮೈದುನ ಕ್ರೇಟುಗಳ ಗಾಡಿ ತಳ್ಳುತ್ತಿದ್ದ. ಯಂತ್ರಗಳ ಮೊರೆತ ಕಿವಿಗಡಚಿಕ್ಕುತ್ತಿತ್ತು.

"ಖಾತ್ರಿ ಆಯ್ತೇನ್ರೀ?" ಯಜಮಾನರು ಅರಚಿದರು.

ಎಂಜಿನಿಯರು ಆಫೀಸಿನ ಬಾಗಿಲಿಗೆ ಬಂದ. "ಅವನಲ್ಲ, ಯಜಮಾನ್ರೇ. ತಪ್ಪು ನನ್ನದು."

ಯಜಮಾನರು ಕಿವಿಗೆ ಕೈ ಹಚ್ಚಿದರು. "ಏನಂತೋ?" ಎಂದು ನಡುವೆ ಇದ್ದವನನ್ನು ಕೇಳಿದರು.

ಭಾವಮೈದುನ ಗಾಡಿ ನಿಲ್ಲಿಸಿ, ಎಂಜಿನಿಯರನನ್ನು ಒಂದು ಗಳಿಗೆ ನೋಡಿದ. ಆಮೇಲೆ ಆ ಕಡೆ ತಿರುಗಿ ಕೂಗಿದ: "ಆ ಬ್ಯಾಟರಿ ಮಾಲೇ ಸರಿಯಿಲ್ವಂತೆ! ಬೇರೆ ತರಿಸ್ಬೇಕಂತೆ!"

ಯಜಮಾನರು ತಲೆಯಾಡಿಸಿ ಹೊರಟುಹೋದರು.

"ನಾನು ಹೇಳಿದ್ದು ಅದಲ್ಲ ಕಣೋ."

"ಕೇಳಿಸ್ತು ಭಾವ. 'ಅವನಲ್ಲ' ಅಂದ್ರಿ." ಈ ಸಲ ಯಾರ ಅಣಕವೂ ಇರಲಿಲ್ಲ, ಅವನ ದನಿ ಅವನದೇ ಆಗಿತ್ತು. "ಇಷ್ಟು ದಿನ ಅವನೇ ಅಂತಿದ್ರಾ?"

ಅವನು ಗಾಡಿಯನ್ನು ನಾಲ್ಕನೇ ಕೋಣೆಯೊಳಗೆ ತಳ್ಳಿದ. ದಪ್ಪ ಬಾಗಿಲು ತಾನಾಗಿಯೇ ನಿಧಾನವಾಗಿ ಮುಚ್ಚಿಕೊಂಡಿತು. ಅದರಡಿಯಿಂದ ತಣ್ಣನೆಯ ಬಿಳಿ ಮಂಜು ನೆಲಕ್ಕಂಟಿ ಹರಿದು ಎಂಜಿನಿಯರನ ಚಪ್ಪಲಿಯವರೆಗೆ ಬಂತು.